ರೀಗಾದ ಹಾಜರಿ ಪುಸ್ತಕ

ಫೆಬ್ರುವರಿಯ ರೀಗಾದಲ್ಲಿ ತಲೆ ಎತ್ತಿ ನಡೆಯಬೇಕೋ ತಗ್ಗಿಸಿ ನಡೆಯಬೇಕೋ ಎನ್ನುವುದೇ ಒಂದು ಸಮಸ್ಯೆ. ಎತ್ತದಿದ್ದರೆ ಹಳೆಯ ಕಟ್ಟಡಗಳ ಸೂರಿನಿಂದ ಇಳಿಬಿದ್ದ ಮೊಳದುದ್ದದ ಮಂಜಿನ ಈಟಿಗಳು ಯಾವ ಗಳಿಗೆಯಲ್ಲಿ ನೆತ್ತಿಗೆ ಬೀಳುತ್ತವೋ ಹೇಳಲಾಗದು. ತಗ್ಗಿಸದಿದ್ದರೆ ಕಾಲಡಿಯ ಕಲ್ಲುಹಾಸು ಕನ್ನಡಿಯಾಗಿ ಕಾದಿರುತ್ತದೆ. ಅಲ್ಲಲ್ಲಿ ಕೆಂಪು-ಬಿಳಿ ಪಟ್ಟಿ ಕಟ್ಟಿ ಕಾಲುದಾರಿ ಮುಚ್ಚಿರುತ್ತಾರೆ; ಮೇಲೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡ ಆಳುಗಳು ಸಲಿಕೆಯಿಂದ ಮಂಜು ಕೆಡವುತ್ತಿರುತ್ತಾರೆ. ಸಾಗರದ ಮಳೆಯಲ್ಲಿ ಹುಟ್ಟಿ ಬೆಳೆದ ನನಗೆ ಜಾರುವುದು ಹೊಸತೇನಲ್ಲ. ಆದರೆ ನಮ್ಮೂರ ಹಾವಸೆ ಹಸಿರಾಗಿರುತ್ತದೆ, ನೋಡಿ ಹೆಜ್ಜೆಯಿಡಬಹುದು. ಇಲ್ಲಿನ ಜಾರಿಕೆಗೆ ಬಣ್ಣವೇ ಇಲ್ಲ. ಬಂದ ಮೊದಲ ವಾರದಲ್ಲೇ ಎರಡು ಸಲ ಬಿದ್ದೆ. ಎರಡನೇ ಸಲ ಕೈಹಿಡಿದು ಎಬ್ಬಿಸಿದವರು ಊರುಗೋಲು ಹಿಡಿದ ಒಬ್ಬ ಮುದುಕರು.

ಇದು 2013ರ ಮಾತು. ಬೆಂಗಳೂರಿನ ಆಫೀಸು ಮೂರು ತಿಂಗಳ ಕೆಲಸಕ್ಕೆಂದು ನನ್ನನ್ನು ಲಾಟ್ವಿಯಾದ ರಾಜಧಾನಿಗೆ ಕಳಿಸಿತ್ತು. ಉಳಿದುಕೊಂಡಿದ್ದು ಹಳೆಯ ಕಟ್ಟಡವೊಂದರ ನಾಲ್ಕನೇ ಮಹಡಿಯ ಮನೆಯ ಒಂದು ಕೋಣೆಯಲ್ಲಿ. ಮನೆಯೊಡತಿಗೆ ಎಪ್ಪತ್ತಾರು ದಾಟಿತ್ತು. ಜೊತೆಗೆ ಹದಿಮೂರರ ಮೊಮ್ಮಗಳು. ಹುಡುಗಿಯ ಅಪ್ಪ ಅಮ್ಮ ಐರ್ಲೆಂಡಿನಲ್ಲಿ ಅಣಬೆ ಬೆಳೆಯುವ ತೋಟದಲ್ಲಿ ದುಡಿಯುತ್ತಿದ್ದರು. 2008ರ ಆರ್ಥಿಕ ಕುಸಿತದ ನಂತರ ಇಂಥ ಮನೆಗಳು ಆ ದೇಶದಲ್ಲಿ ಎಷ್ಟೋ ಆಗಿದ್ದವು: ನಡುವಿನ ತಲೆಮಾರು ಹೊರಗೆ, ಮುದುಕರೂ ಮಕ್ಕಳೂ ಒಳಗೆ. ಹುಡುಗಿ ಅಜ್ಜಿಯನ್ನು ‘ಓಮೆ’ ಎನ್ನುತ್ತಿದ್ದಳು. ನಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿದಾಗ ‘ಅಜ್ಜಿ’ ಎಂದೆ. ಮುದುಕಿಗೆ ಆ ಶಬ್ದ ಹಿಡಿಸಿತು. ಅಂದಿನಿಂದ ನನ್ನ ಮಟ್ಟಿಗೆ ಅವರು ಅಜ್ಜಿಯೇ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಲಾಟ್ವಿಯನ್ ಬಾರದು. ನಡುವೆ ದುಭಾಷಿಯಾಗಿ ಮೊಮ್ಮಗಳು. ಅವಳು ಕೆಲವೊಮ್ಮೆ ಅಜ್ಜಿಯ ಐದು ನಿಮಿಷದ ಮಾತನ್ನು “ಬೇಡ ಅಂತಿದಾರೆ” ಎಂಬೆರಡು ಶಬ್ದಕ್ಕೆ ಇಳಿಸಿಬಿಡುತ್ತಿದ್ದಳು.

ಫೆಬ್ರುವರಿ 10, ಭಾನುವಾರ. ಬೆಳಿಗ್ಗೆ ಅಜ್ಜಿಯ ಚೀಲ ಹೊರಲು ಅವರ ಜೊತೆ ಕೇಂದ್ರ ಮಾರುಕಟ್ಟೆಗೆ ಹೋಗಿದ್ದೆ. ಜರ್ಮನ್ನರ ಹಳೆಯ ಝೆಪೆಲಿನ್ ವಾಯುನೌಕೆಗಳ ಹ್ಯಾಂಗರುಗಳಿಂದ ಕಟ್ಟಿದ, 1930ರಲ್ಲಿ ತೆರೆದ ಐದು ಭಾರೀ ಕಮಾನುಗಳ ಮಾರುಕಟ್ಟೆ ಅದು. ಒಂದರಲ್ಲಿ ಮೀನು, ಒಂದರಲ್ಲಿ ಮಾಂಸ, ಒಂದರಲ್ಲಿ ಹಾಲು-ಗಿಣ್ಣು. ಹೊಗೆಯಲ್ಲಿ ಬೇಯಿಸಿದ ಮೀನಿನ ವಾಸನೆ ತಾಳದೆ ನಾನು ತರಕಾರಿಯ ಕಡೆ ಸರಿದು, ಪೀಪಾಯಿಯಲ್ಲಿ ಹುಳಿಬರಿಸಿದ ಎಲೆಕೋಸಿನ ಮುಂದೆ ನಿಂತೆ. ಅಜ್ಜಿ ಅರ್ಧ ಇಟ್ಟಿಗೆಯಷ್ಟು ತೂಗುವ ಕಪ್ಪು ರೈ ರೊಟ್ಟಿಯೊಂದನ್ನು ಒತ್ತಿ, ಮೂಸಿ, ಚೌಕಾಸಿ ಮಾಡದೆ ಕೊಂಡರು. ಮಾರುಕಟ್ಟೆಯ ಬೆನ್ನಿಗೇ ದೌಗಾವಾ ನದಿ. ಹೆಪ್ಪುಗಟ್ಟಿದ ನದಿಯ ನಡುಮಧ್ಯೆ ಹತ್ತಿಪ್ಪತ್ತು ಗಂಡಸರು ಪೆಟ್ಟಿಗೆಗಳ ಮೇಲೆ ಬೆನ್ನು ಬಾಗಿಸಿ ಕೂತಿದ್ದರು. ಮಂಜುಗಡ್ಡೆಗೆ ಬೈರಿಗೆಯಿಂದ ತೂತು ಕೊರೆದು, ಗೇಣುದ್ದದ ಗಾಳ ಇಳಿಬಿಟ್ಟು, ಒಬ್ಬರಿಗೊಬ್ಬರು ಮಾತಿಲ್ಲದೆ ಕಾಯುತ್ತಿದ್ದರು. “ಇವತ್ತು ಸಂಜೆ ಇವರಲ್ಲಿ ಒಬ್ಬನೂ ಇಲ್ಲಿರೋದಿಲ್ಲ,” ಎಂದು ಅಜ್ಜಿ ಹೇಳಿದ್ದನ್ನು ಹುಡುಗಿ ಅನುವಾದಿಸಿದಳು. “ಎಲ್ಲರೂ ಹಾಕಿ ನೋಡುತ್ತಿರುತ್ತಾರೆ.”

ಹಾಕಿ ಎಂದರೆ ಅಲ್ಲಿ ಐಸ್ ಹಾಕಿ. ನಮ್ಮ ಹಾಕಿಯನ್ನು ಅವರು ಹುಲ್ಲಿನ ಹಾಕಿ ಎನ್ನುತ್ತಾರೆ. ಆ ಸಂಜೆಯ ಪಂದ್ಯಕ್ಕೆ ಮನೆಯಲ್ಲಿ ಮೂರು ಟಿಕೆಟ್ ಇದ್ದವು. ಮೂರನೆಯದು ಐರ್ಲೆಂಡಿನಿಂದ ಬರಬೇಕಿದ್ದ ಮಗನದು. ಅವನಿಗೆ ರಜೆ ಸಿಗಲಿಲ್ಲ. ಹಾಗೆ ಟಿಕೆಟ್ ನನ್ನ ಪಾಲಿಗೆ ಬಂತು.

ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಹುಡುಗಿ ನನಗೆ ಪಾಠ ಮಾಡಿದಳು. ಡಬ್ಬಿಯಿಂದ ಲಾಟ್ ನಾಣ್ಯಗಳನ್ನು ಸುರಿದಳು. ಆಗಿನ್ನೂ ಯೂರೋ ಬಂದಿರಲಿಲ್ಲ. ಒಂದು ಲಾಟ್‌ನ ನಾಣ್ಯದ ಮೇಲೆ ನೀರಿನಿಂದ ಹಾರುವ ಸಾಲ್ಮನ್ ಮೀನಿನ ಚಿತ್ರವಿತ್ತು. ಮುಂದಿನ ವರ್ಷದ ಸೋಚಿ ಒಲಿಂಪಿಕ್ಸ್‌ನಲ್ಲಿ ಗಂಡಸರ ಐಸ್ ಹಾಕಿಗೆ ಹನ್ನೆರಡೇ ದೇಶ. ಒಂಬತ್ತು ನಾಣ್ಯಗಳನ್ನು ಸಾಲಾಗಿ ಜೋಡಿಸಿದಳು: ಇವು ರ‍್ಯಾಂಕಿಂಗ್‌ನಲ್ಲಿ ಮೇಲಿರುವ ದೇಶಗಳು, ನೇರವಾಗಿ ಒಳಗೆ. ಉಳಿದ ಮೂರು ಜಾಗಕ್ಕೆ ಮೂರು ಊರುಗಳಲ್ಲಿ ಒಂದೇ ವಾರ ಅರ್ಹತಾ ಟೂರ್ನಿ: ಜರ್ಮನಿಯ ಬೀಟಿಗ್‌ಹೈಮ್-ಬಿಸಿಂಗೆನ್, ಡೆನ್ಮಾರ್ಕಿನ ವೊಯೆನ್ಸ್, ಮತ್ತು ರೀಗಾ. ಒಂದೊಂದು ಊರಿನಲ್ಲಿ ನಾಲ್ಕು ದೇಶ. ಪ್ರತಿಯೊಬ್ಬರೂ ಉಳಿದ ಮೂವರೊಡನೆ ಆಡಬೇಕು. ಮೊದಲನೆಯವರಿಗೆ ಮಾತ್ರ ಪ್ರವೇಶ. ಎರಡನೆಯವರಿಗೂ ನಾಲ್ಕನೆಯವರಿಗೂ ಸಿಗುವುದು ಒಂದೇ, ಮನೆಗೆ ಹೋಗುವ ದಾರಿ. ರೀಗಾದ ಗುಂಪಿನಲ್ಲಿ ಲಾಟ್ವಿಯಾ, ಫ್ರಾನ್ಸ್, ಕಜಕಸ್ತಾನ, ಬ್ರಿಟನ್. ಲಾಟ್ವಿಯಾ ಮೊದಲೆರಡು ಪಂದ್ಯ ಗೆದ್ದಿತ್ತು. ಇವತ್ತು ಫ್ರಾನ್ಸ್.

“ಗೆಲ್ಲಬೇಕು, ಅಲ್ವಾ?” ಎಂದೆ.

ಅವಳು ಇಲ್ಲವೆಂದು ತಲೆಯಾಡಿಸಿ, ಒಂದು ನಾಣ್ಯವನ್ನು ಬೆರಳ ತುದಿಯಲ್ಲಿ ನೂಕಿದಳು. “ಒಂದು ಅಂಕ ಸಾಕು.” ಅರವತ್ತು ನಿಮಿಷದೊಳಗೆ ಗೆದ್ದರೆ ಮೂರು ಅಂಕ. ಸಮನಾದರೆ ಹೆಚ್ಚುವರಿ ಆಟ. ಅದರಲ್ಲಿ ಗೆದ್ದವರಿಗೆ ಎರಡು, ಸೋತವರಿಗೂ ಒಂದು. ಅಂದರೆ ಇವರು ಅರವತ್ತು ನಿಮಿಷ ಸೋಲದೆ ನಿಂತರೆ ಮುಗಿಯಿತು.

ನನಗೆ ಕೂಡಲೇ ಎಸ್ಸೆಸ್ಸೆಲ್ಸಿಯ 35 ಅಂಕ ನೆನಪಾಯಿತು. ಗಣಿತದಲ್ಲಿ ಜಸ್ಟ್ ಪಾಸಾದ ನನ್ನ ಗೆಳೆಯನ ಮನೆಯಲ್ಲಿ ಅವತ್ತು ಮಾಡಿದ ಹೋಳಿಗೆಯ ರುಚಿ, ಶಾಲೆಗೆ ಮೊದಲಿಗನಾದವನ ಮನೆಯ ಪೇಡಾಕ್ಕೆ ಇರಲಿಲ್ಲ. ಕಪ್ಪು ಗೆಲ್ಲುವ ಆಟ ಬೇರೆ, ಹೊಸ್ತಿಲು ದಾಟುವ ಆಟ ಬೇರೆ. ಹೊಸ್ತಿಲು ದಾಟುವವನಿಗೆ ಎಷ್ಟು ಎತ್ತರ ಹಾರಿದೆ ಎನ್ನುವುದರ ಚಿಂತೆಯಿಲ್ಲ. ಕಾಲು ತಾಗದಿದ್ದರೆ ಸಾಕು.

ಸಂಜೆ ನಡೆದೇ ಹೊರಟೆವು. ಆಗಲೇ ಕತ್ತಲಾಗಿತ್ತು. ಟ್ರಾಮುಗಳ ತುಂಬ ಕಡುಗೆಂಪು-ಬಿಳಿ-ಕಡುಗೆಂಪು ಬಾವುಟಗಳು, ಒಣಗಿದ ನೆತ್ತರಿನಂಥ ಕೆಂಪು. ಹುಡುಗಿ ಎರಡೂ ಕೆನ್ನೆಗೆ ಅದೇ ಬಣ್ಣ ಬಳಿದುಕೊಂಡಿದ್ದಳು. ಅಜ್ಜಿ ಕೈಗೆ ತಾವೇ ಹೆಣೆದ ಉಣ್ಣೆಯ ಕೈಗವಸು ತೊಟ್ಟಿದ್ದರು. ಬೆರಳುಗಳಿಗೆ ಬೇರೆ ಬೇರೆ ಗೂಡಿಲ್ಲದ, ಹೆಬ್ಬೆರಳೊಂದೇ ಹೊರಗುಳಿಯುವ ಅಲ್ಲಿನ ಕೈಗವಸು. ಅದರ ಮೇಲಿನ ಚಿತ್ತಾರ ನೋಡಿ ಯಾವ ಸೀಮೆಯವರೆಂದು ಹೇಳಬಹುದಂತೆ. ನಮ್ಮಲ್ಲಿ ಸೀರೆಯ ಸೆರಗು ನೋಡಿ ಊರು ಹೇಳುವ ಹಾಗೆ. 2006ರಲ್ಲಿ ನೇಟೋ ಶೃಂಗಸಭೆಗೆ ಬಂದ ಅತಿಥಿಗಳಿಗೆ ದೇಶದ ಹೆಂಗಸರು ಹೆಣೆದ ಸಾವಿರಾರು ಜೊತೆ ಕೈಗವಸುಗಳನ್ನೇ ಉಡುಗೊರೆ ಕೊಟ್ಟಿದ್ದರಂತೆ. ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್‌ಗೆಂದು ಕಟ್ಟಿದ್ದು ಈ ‘ಅರೀನಾ ರೀಗಾ’. ಹತ್ತು ಸಾವಿರಕ್ಕೂ ಹೆಚ್ಚು ಜನ ಕೂರುವ ಗಾಜು-ಉಕ್ಕಿನ ಹೊಳೆಯುವ ಬುಟ್ಟಿ.

ಒಳಗೆ ಕಾಲಿಟ್ಟಾಗ ಮೊದಲು ತಾಗಿದ್ದು ವಾಸನೆ. ಬೆಳ್ಳುಳ್ಳಿ ಉಜ್ಜಿ ಎಣ್ಣೆಯಲ್ಲಿ ಕರಿದ ರೈ ರೊಟ್ಟಿಯ ಕಡ್ಡಿಗಳು! ಬಿಯರಿನ ಜೊತೆ ಅವರು ತಿನ್ನುವುದು ಅದನ್ನೇ. ಶುದ್ಧ ಸಸ್ಯಾಹಾರಿಯಾಗಿ ಮೂರು ವಾರ ಆಲೂಗಡ್ಡೆಯಲ್ಲಿ ದಿನ ದೂಡಿದ್ದ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎರಡು ಪೊಟ್ಟಣ ಕೊಂಡೆ.

ಕೆಳಗೆ ಐಸ್. ಅರವತ್ತು ಮೀಟರ್ ಉದ್ದ, ಮೂವತ್ತು ಅಗಲದ ಬಿಳಿಯ ಹಲಗೆ. ನಾವು ಕೂತಾಗ ಅದರ ಮೇಲೆ ಯಂತ್ರವೊಂದು ನಿಧಾನಕ್ಕೆ ಸುತ್ತುತ್ತಿತ್ತು. ಗೀರುಬಿದ್ದ ಮೇಲ್ಪದರವನ್ನು ಹೆರೆದು, ಹಿಂದಿನಿಂದ ನೀರು ಸವರುತ್ತ ಹೋಗುವ ಗಾಡಿ. ಅದು ಬಿಸಿನೀರು ಎಂದು ಹುಡುಗಿ ಹೇಳಿದಾಗ ನಂಬಲಿಲ್ಲ. ಬಿಸಿನೀರು ಮೇಲಿನ ಪದರವನ್ನು ಒಂಚೂರು ಕರಗಿಸಿ ಗೀರುಗಳೊಳಗೆ ಇಳಿಯುತ್ತದೆ, ಅದರಲ್ಲಿ ಗಾಳಿಗುಳ್ಳೆ ಕಡಿಮೆ, ಹಾಗಾಗಿ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಸಗಣಿ ಸಾರಿಸುವಾಗ ನೆಲಕ್ಕೆ ಮೊದಲು ನೀರು ಚಿಮುಕಿಸುವ ನಮ್ಮಮ್ಮನ ಉಪಾಯವೇ. ಗಾಡಿ ಹೋದ ದಾರಿಯಲ್ಲಿ ಐಸು ಒದ್ದೆಗಪ್ಪಾಗಿ ಹೊಳೆದು, ಎರಡು ನಿಮಿಷದಲ್ಲಿ ಮತ್ತೆ ಹಾಲುಗಲ್ಲಾಗುತ್ತಿತ್ತು. ಆಡುವ ರಬ್ಬರ್ ಬಿಲ್ಲೆಯನ್ನೂ ಆಟಕ್ಕೆ ಮೊದಲು ಹೆಪ್ಪುಗಟ್ಟಿಸಿಡುತ್ತಾರಂತೆ. ಒಂದು ಇಂಚು ದಪ್ಪ, ಮೂರು ಇಂಚು ಅಗಲ, ನೂರೆಪ್ಪತ್ತು ಗ್ರಾಮಿನ ಆಸುಪಾಸು. ಬೆಚ್ಚಗಿದ್ದರೆ ಪುಟಿಯುತ್ತದೆ, ತಣ್ಣಗಿದ್ದರೆ ಜಾರುತ್ತದೆ.

ಆಟ ಶುರುವಾಯಿತು. ನಾನು ತಿಳಿದಿದ್ದು ಅದು ಜಾರುವ ಆಟವೆಂದು. ನೋಡಿದರೆ ಕಡಿಯುವ ಆಟ. ಸ್ಕೇಟಿನ ಅಲಗು ಐಸನ್ನು ಕಚ್ಚುವ ‘ಕರ್ರ್’ ಸದ್ದು ಮೇಲಿನ ಸಾಲಿಗೂ ಕೇಳುತ್ತದೆ. ಗೋಲ್‌ಕೀಪರನನ್ನೂ ಸೇರಿಸಿ ಆರಾರು ಜನ. ಮುಕ್ಕಾಲು ನಿಮಿಷ ಆಡುವುದರೊಳಗೆ ಏದುಸಿರು ಬಂದು ಹಲಗೆಗೋಡೆ ಹಾರಿ ಹೊರಗೆ ಬೀಳುತ್ತಾರೆ, ಅದೇ ಕ್ಷಣ ಇನ್ನೊಂದು ತಂಡ ಒಳಕ್ಕೆ ಹಾರುತ್ತದೆ, ಆಟ ನಿಲ್ಲುವುದೇ ಇಲ್ಲ. ಬಿಲ್ಲೆ ಎಲ್ಲಿದೆ ಎಂದು ಹುಡುಕುವುದರಲ್ಲೇ ನನಗೆ ಮೊದಲ ಇಪ್ಪತ್ತು ನಿಮಿಷ ಕಳೆಯಿತು. ಗೋಲು ಬಿದ್ದಿದ್ದನ್ನು ನನ್ನ ಕಣ್ಣು ಒಂದು ಸಲವೂ ಹಿಡಿಯಲಿಲ್ಲ. ಪಕ್ಕದವರು ಎದ್ದಾಗ ಎದ್ದೆ, ಕೂತಾಗ ಕೂತೆ. “ಸರೌಯ್, ಲಾಟ್ವಿಯಾ!” ಎಂದು ಎಲ್ಲರೂ ಕಿರುಚಿದಾಗ ನಾನೂ ಕಿರುಚಿದೆ. ಬಿಡಬೇಡ, ನುಗ್ಗು ಎನ್ನುವ ಮಾತಂತೆ ಅದು. ಅಜ್ಜಿ ಮಾತ್ರ ಕಿರುಚಲಿಲ್ಲ. ಕೈಗವಸು ತೊಟ್ಟ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು.

ಮೊದಲ ವಿರಾಮದಲ್ಲಿ ರೊಟ್ಟಿಯ ಕಡ್ಡಿ ಚಾಚಿದೆ. ಒಂದನ್ನು ತೆಗೆದುಕೊಂಡು ಅಜ್ಜಿ ಮಾತಿಗೆ ತೊಡಗಿದರು. ಹುಡುಗಿ ಅವತ್ತು ಯಾವುದನ್ನೂ ಎರಡು ಶಬ್ದಕ್ಕಿಳಿಸಲಿಲ್ಲ.

ಅಜ್ಜಿ ಹುಟ್ಟಿದ್ದು 1936ರಲ್ಲಿ. ಆ ವರ್ಷ ಜರ್ಮನಿಯ ಗಾರ್ಮಿಷ್-ಪಾರ್ಟೆನ್‌ಕಿರ್ಖೆನ್ ಒಲಿಂಪಿಕ್ಸ್‌ನಲ್ಲಿ ಲಾಟ್ವಿಯಾದ ಹಾಕಿ ತಂಡ ಆಡಿತ್ತು. ಆಡಿದ ಮೂರು ಪಂದ್ಯಗಳಲ್ಲೂ ಸೋತಿತ್ತು. ಸೋಲೇನೂ ದೊಡ್ಡದಲ್ಲ, ಪಟ್ಟಿಯಲ್ಲಿ ಹೆಸರಿತ್ತು. 1940ರಲ್ಲಿ ಸೋವಿಯತ್ ಸೇನೆ ಬಂತು, ಹೆಸರು ಹೋಯಿತು. ಆಟ ಹೋಗಲಿಲ್ಲ. ‘ದಿನಾಮೋ ರೀಗಾ’ ಎಂಬ ಒಳ್ಳೆಯ ತಂಡವಿತ್ತು. ಮುಂದೆ ಸೋವಿಯತ್ ರಾಷ್ಟ್ರೀಯ ತಂಡದ ಹೆಸರಾಂತ ತರಬೇತುದಾರನಾದ ವಿಕ್ಟರ್ ತಿಖೊನೊವ್ ಪಳಗಿದ್ದು ಇಲ್ಲಿಯೇ. ರೀಗಾದ ಹುಡುಗ ಹೆಲ್ಮುಟ್ಸ್ ಬಾಲ್ಡೆರಿಸ್ ಎಪ್ಪತ್ತರ ದಶಕದಲ್ಲಿ ಮಿಂಚಿನಂತೆ ಆಡಿದ. ವಿಶ್ವ ಚಾಂಪಿಯನ್ ತಂಡದಲ್ಲಿದ್ದ, 1980ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಕೊರಳಿಗೆ ಹಾಕಿಕೊಂಡ. “ಇಡೀ ಬೀದಿ ಅವನ ಆಟ ನೋಡುತ್ತಿತ್ತು,” ಎಂದರು ಅಜ್ಜಿ. “ಗೋಲು ಹೊಡೆದಾಗ ಕುಣಿಯುತ್ತಿದ್ದೆವು. ಆಮೇಲೆ ಅವನು ಬೆನ್ನು ತಿರುಗಿಸಿದಾಗ, ಎದುರಾದಾಗ, ಅಂಗಿ ಕಾಣುತ್ತಿತ್ತು. ಅದರ ಮೇಲೆ ಬೇರೆ ಹೆಸರು.”

ನನಗೆ ಆ ಮಾತು ಅರ್ಥವಾಗಲು ಅನುವಾದ ಬೇಕಿರಲಿಲ್ಲ. ನಮ್ಮ ಕಡೆ ಇದಕ್ಕೊಂದು ಶಬ್ದವಿದೆ: ಮುಳುಗಡೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಶರಾವತಿಯನ್ನು ತಡೆದು ನಿಲ್ಲಿಸಿದಾಗ ನನ್ನ ಅಮ್ಮನ ತವರೂರು ನೀರಿನಡಿಗೆ ಹೋಯಿತು. ಅಲ್ಲಿನ ಜನ ಸಾಯಲಿಲ್ಲ, ಬೇರೆ ಬೇರೆ ಕಡೆ ಬದುಕಿದರು, ಮಕ್ಕಳನ್ನು ಓದಿಸಿದರು. ಆದರೆ ‘ಯಾವೂರು’ ಎಂದು ಯಾರಾದರೂ ಕೇಳಿದರೆ ಒಂದು ಕ್ಷಣ ತಡೆಯುತ್ತಾರೆ. ಬೇಸಗೆಯಲ್ಲಿ ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೆಯ ಅಣೆಕಟ್ಟೆ, ಹಿರೇಭಾಸ್ಕರದ್ದು, ತನ್ನ ಕಲ್ಲಿನ ಬೆನ್ನು ತೋರಿಸಿ ಮೇಲೇಳುತ್ತದೆ. ಆಗ ಮುದುಕರು ಹೋಗಿ ನೋಡಿ ಬರುತ್ತಾರೆ. ಹೊಸದೇನೂ ಇರುವುದಿಲ್ಲ, ಇತ್ತು ಎನ್ನುವುದಕ್ಕೊಂದು ಸಾಕ್ಷಿ, ಅಷ್ಟೇ. ಅಜ್ಜಿಯ ದೇಶವೂ ಐವತ್ತು ವರ್ಷ ಮುಳುಗಡೆಯಾಗಿತ್ತು.

1991ರ ಜನವರಿಯಲ್ಲಿ ಸೋವಿಯತ್ ಪಡೆಗಳನ್ನು ತಡೆಯಲು ಜನ ಟ್ರ್ಯಾಕ್ಟರು, ಮರದ ದಿಮ್ಮಿ, ಸಿಮೆಂಟಿನ ಹಲಗೆ ತಂದು ರೀಗಾದ ಬೀದಿಗಳಿಗೆ ಅಡ್ಡ ಹಾಕಿ, ಬೆಂಕಿ ಹೊತ್ತಿಸಿಕೊಂಡು ಹಗಲಿರುಳು ಕಾವಲು ಕೂತರು. ಆಗಸ್ಟಿನಲ್ಲಿ ದೇಶ ನೀರಿನಿಂದ ಮೇಲೆದ್ದಿತು. ಆದರೆ ಹಾಕಿಯ ಲೋಕದಲ್ಲಿ ಹಳೆಯ ಲೆಕ್ಕ ಯಾರೂ ಹಿಡಿಯಲಿಲ್ಲ. ಬಾಲ್ಡೆರಿಸ್‌ನ ಊರಿನವರು 1993ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಮೂರನೇ ದರ್ಜೆಯಿಂದ ಹತ್ತಬೇಕಾಯಿತು. ಹತ್ತಿದರು. 1997ರ ಹೊತ್ತಿಗೆ ಮೇಲ್ದರ್ಜೆಗೆ ಬಂದರು, ಆಮೇಲೆ ಇಳಿಯಲಿಲ್ಲ. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯ ಒಲಿಂಪಿಕ್ಸ್‌ನಲ್ಲಿ, ಅರವತ್ತಾರು ವರ್ಷಗಳ ನಂತರ, ಪಟ್ಟಿಯಲ್ಲಿ ಮತ್ತೆ ಹೆಸರು ಬಂತು.

“ಅವತ್ತು ಆಟ ನೋಡಿದಿರಾ?” ಎಂದೆ.

“ಆಟ ನೆನಪಿಲ್ಲ,” ಎಂದರು ಅಜ್ಜಿ. “ಮೈಕಿನಲ್ಲಿ ಹೆಸರು ಕರೆದದ್ದು ನೆನಪಿದೆ.”

ಮೂರನೇ ಅವಧಿಯ ಕೊನೆಯ ನಿಮಿಷಗಳಲ್ಲಿ ಸ್ಕೋರ್ ಹಲಗೆಯ ಮೇಲೆ 2-2 ಎಂದಿತ್ತು. ಹತ್ತು ಸಾವಿರ ಜನರ ಗದ್ದಲ ನಿಧಾನವಾಗಿ ಕರಗಿತು. ಗೆಲುವಿಗಾಗಿ ಕಿರುಚಬಹುದು, ಸೋಲದಿರಲಿ ಎಂದು ಕಿರುಚುವುದು ಹೇಗೆ? ಎಲ್ಲರೂ ಗಡಿಯಾರವನ್ನೇ ನೋಡುತ್ತಿದ್ದರು. ಬಿಲ್ಲೆ ಲಾಟ್ವಿಯಾದ ಗೋಲಿನ ಹತ್ತಿರ ಸುಳಿದಾಗಲೆಲ್ಲ ಹುಡುಗಿ ನನ್ನ ತೋಳು ಹಿಡಿದು ಹಿಂಡುತ್ತಿದ್ದಳು. ಫ್ರೆಂಚರಿಗೂ ಗೊತ್ತು, ಈಗ ಹೊಡೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವರು ಹಸಿದವರ ಹಾಗೆ ಆಡುತ್ತಿದ್ದರು. ಅವರೂ 2002ರಿಂದ ಒಲಿಂಪಿಕ್ಸ್ ಕಂಡವರಲ್ಲ. ಹತ್ತು ಸೆಕೆಂಡು. ಐದು. ಕಹಳೆ ಊದಿತು.

ಆ ಕ್ಷಣದ ಸದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಗೆದ್ದ ಸದ್ದಲ್ಲ ಅದು. ಹೆರಿಗೆ ಕೋಣೆಯ ಬಾಗಿಲು ತೆರೆದು ನರ್ಸ್ ತಲೆ ಹೊರಹಾಕಿದಾಗ ಜಗುಲಿಯಲ್ಲಿ ಕೂತವರೆಲ್ಲ ಒಟ್ಟಿಗೆ ಬಿಡುತ್ತಾರಲ್ಲ, ಆ ಉಸಿರು. ಅಪರಿಚಿತರು ನನ್ನನ್ನು ತಬ್ಬಿಕೊಂಡರು. ಯಾರದೋ ಬಿಯರು ನನ್ನ ಬೆನ್ನ ಮೇಲೆ ಚೆಲ್ಲಿತು. ಒಂದು ಅಂಕ ಬಂದಿತ್ತು.

ಇನ್ನೂ ಆಟ ಬಾಕಿಯಿತ್ತು ಎನ್ನುವುದೇ ತಮಾಷೆ. ಲೆಕ್ಕಕ್ಕೆ ಬೇಡದ ಹೆಚ್ಚುವರಿ ಆಟ. ಅದರಲ್ಲಿ ಫ್ರಾನ್ಸ್ ಗೋಲು ಹೊಡೆಯಿತು. 3-2. ಗೆದ್ದ ಫ್ರೆಂಚರು ಕೋಲು ಎತ್ತಲಿಲ್ಲ; ಮೊಣಕೈ ಮೊಣಕಾಲಿಗೂರಿ ಬಾಗಿ ನಿಂತರು. ಸೋತವರು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡಿದರು.

ಆಮೇಲೆ ನಡೆದದ್ದನ್ನು ನೋಡಲೆಂದೇ ನಾನು ಅಷ್ಟು ದೂರ ಹೋಗಿದ್ದೆನೋ ಏನೋ. ಅಂತಾರಾಷ್ಟ್ರೀಯ ಹಾಕಿಯಲ್ಲಿ ಪ್ರತಿ ಪಂದ್ಯದ ನಂತರ ಎರಡೂ ತಂಡಗಳು ನೀಲಿ ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತವೆ, ಗೆದ್ದ ದೇಶದ ರಾಷ್ಟ್ರಗೀತೆ ನುಡಿಸುತ್ತಾರೆ. ಆ ಸಂಜೆ ಗೆದ್ದ ದೇಶ ಫ್ರಾನ್ಸ್. ಫ್ರೆಂಚ್ ಬಾವುಟ ಮೇಲೇರಿತು. ಮನೆಗೆ ಹೋಗುವವರಿಗಾಗಿ ಅವರ ಹಾಡು ನುಡಿಯುತ್ತಿತ್ತು. ಒಲಿಂಪಿಕ್ಸಿಗೆ ಹೋಗುವವರು ಶಿರಸ್ತ್ರಾಣ ತೆಗೆದು, ನಗು ಅಡಗಿಸಿಕೊಳ್ಳಲು ಒದ್ದಾಡುತ್ತ ನಿಂತಿದ್ದರು. ಹುಡುಗಿ ಇನ್ನೂ ಬಾವುಟ ಬೀಸುತ್ತ ಕುಣಿಯುತ್ತಿದ್ದಳು. ಅಷ್ಟು ಹೊತ್ತೂ ಕೂತೇ ಇದ್ದ ಅಜ್ಜಿ ಆಗ ಎದ್ದು ನಿಂತರು. ಕೈಗವಸು ಕಳಚಿ, ಬರಿಗೈಯಿಂದ ಮೊಮ್ಮಗಳ ಭುಜ ಹಿಡಿದು ಏನೋ ಹೇಳಿದರು. ಅವಳು ಬಾವುಟ ಕೆಳಗಿಳಿಸಿ ನೆಟ್ಟಗೆ ನಿಂತಳು.

ಏನಂದರು ಎಂದು ಹೊರಗೆ ಬಂದಮೇಲೆ ಕೇಳಿದೆ. “ನಿಲ್ಲು, ಇದು ಅವರ ಹಾಡು ಅಂದರು. ಬೇರೆಯವರ ಹಾಡು ನಡೆಯುವಾಗ ನಮ್ಮದನ್ನು ಹಾಡಬಾರದಂತೆ. ನಮ್ಮ ಹಾಡಿನ ಮೇಲೆ ಬೇರೆಯವರು ಐವತ್ತು ವರ್ಷ ಹಾಡಿದ್ದರಂತೆ.”

ಮರುದಿನದ ಪತ್ರಿಕೆಯಲ್ಲಿ ಇನ್ನೊಂದು ಸೋಜಿಗವಿತ್ತು. ಜರ್ಮನಿಯ ಬೀಟಿಗ್‌ಹೈಮ್‌ನಲ್ಲೂ ಇದೇ ನಡೆದಿತ್ತು. ಆತಿಥೇಯ ಜರ್ಮನಿ ಆಸ್ಟ್ರಿಯಾವನ್ನು ಹೆಚ್ಚುವರಿ ಆಟದಲ್ಲಿ ಅದೇ 3-2ರಿಂದ ಸೋಲಿಸಿ ಒಲಿಂಪಿಕ್ಸ್ ಕಳೆದುಕೊಂಡಿತು. ಸೋತ ಆಸ್ಟ್ರಿಯಾ ಒಳಗೆ ಹೋಯಿತು. ವೊಯೆನ್ಸ್‌ನಿಂದ ಇಪ್ಪತ್ತು ಲಕ್ಷ ಜನಸಂಖ್ಯೆಯ ಸ್ಲೊವೇನಿಯಾ ಮೊದಲ ಸಲ ಅರ್ಹತೆ ಪಡೆಯಿತು. ಮೂರು ಸಣ್ಣ ದೇಶಗಳು, ಅದರಲ್ಲಿ ಎರಡು ಸೋತು ಬಂದವು.

ಅಮ್ಮನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. “ಅದೆಂಥ ಆಟವೋ ಮಾರಾಯ, ಸೋತವರು ಕುಣಿಯೋದು, ಗೆದ್ದವರು ಅಳೋದು,” ಎಂದರು ಮೊದಲು. ಆಮೇಲೆ ಸ್ವಲ್ಪ ಸುಮ್ಮನಿದ್ದು, “ಹಾಜರಿ ಸಿಕ್ತಲ್ಲ, ಸಾಕು ಬಿಡು,” ಎಂದರು. ಅಮ್ಮ ತುಮರಿ ಸೀಮೆಯ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವರು. ಶರಾವತಿಯ ಹಿನ್ನೀರಿನಾಚೆಯ ಮಕ್ಕಳು ಲಾಂಚಿನಲ್ಲಿ ದಾಟಿ ಬರಬೇಕಿತ್ತು. ಮಳೆಗಾಲದಲ್ಲಿ ಮೊದಲ ಲಾಂಚು ತಪ್ಪಿದರೆ ಎರಡನೆಯದಕ್ಕೆ ಬರುತ್ತಿದ್ದರು. ಪ್ರಾರ್ಥನೆ ಮುಗಿದು ಒಂದು ಪಾಠವೇ ಆಗಿಹೋಗಿರುತ್ತಿತ್ತು. ಅಮ್ಮ ಅಲ್ಲಿಯವರೆಗೆ ಹಾಜರಿ ಪುಸ್ತಕ ಮುಚ್ಚುತ್ತಿರಲಿಲ್ಲ. ತಲೆಯಿಂದ ನೀರು ಸೋರುತ್ತ ಬಾಗಿಲಲ್ಲಿ ನಿಂತ ಹುಡುಗ “ಹಾಜರ್ ಮಿಸ್” ಎಂದ ಮೇಲೆಯೇ ಒಂದು ಗೆರೆ ಎಳೆಯುತ್ತಿದ್ದರು. “ಪಾಠ ಬರೋದು ಬಿಡೋದು ಆಮೇಲಿನ ಮಾತು,” ಎನ್ನುತ್ತಿದ್ದರು.

ಸೋಚಿಯಲ್ಲಿ ಪಾಠವೂ ಬಂತು. 2014ರ ಫೆಬ್ರುವರಿಯಲ್ಲಿ ಬೆಂಗಳೂರಿನ ನನ್ನ ಕೋಣೆಯಲ್ಲಿ ರಾತ್ರಿ ಎಚ್ಚರವಿದ್ದು ನೋಡಿದೆ. ಲಾಟ್ವಿಯಾ ಸ್ವಿಟ್ಜರ್ಲೆಂಡನ್ನು 3-1ರಿಂದ ಮಣಿಸಿ ಎಂಟರ ಘಟ್ಟಕ್ಕೆ ಬಂದಿತ್ತು. ಎದುರಿಗೆ ಕೆನಡಾ. ಇಪ್ಪತ್ತೊಂದರ ಹರೆಯದ ಗೋಲ್‌ಕೀಪರ್ ಕ್ರಿಸ್ಟರ್ಸ್ ಗುಡ್ಲೆವ್‌ಸ್ಕಿಸ್ ಕಡೆಗೆ ಐವತ್ತೇಳು ಹೊಡೆತ ಬಂದವು, ಐವತ್ತೈದನ್ನು ತಡೆದ. 2-1ರಿಂದ ಸೋತರು. ಆ ಕೆನಡಾವೇ ಚಿನ್ನ ಗೆದ್ದಿತು. ಒಂದು ಅಂಕದ ಬಾಗಿಲಿನಿಂದ ಒಳಬಂದವರು ಮನೆಯ ಯಜಮಾನನ ಬೆವರಿಳಿಸಿ ಹೋಗಿದ್ದರು.

ಆಮೇಲೆ ಇದು ರೀಗಾದ ವಾಡಿಕೆಯೇ ಆಯಿತು. 2016ರ ಸೆಪ್ಟೆಂಬರಿನಲ್ಲಿ ಅದೇ ಅರೀನಾ, ಅದೇ ಅರ್ಹತಾ ಟೂರ್ನಿ, ಕೊನೆಯ ದಿನ ಜರ್ಮನಿ 3-2ರಿಂದ ಗೆದ್ದು ಲಾಟ್ವಿಯಾವನ್ನು ಹೊರಗಿಟ್ಟಿತು. ಹಿಂದಿನ ಸಲ ಗೆದ್ದೂ ಹೊರಗುಳಿದಿದ್ದ ಜರ್ಮನಿ ಈ ಸಲ ಒಳಗೆ ಹೋಗಿ 2018ರಲ್ಲಿ ಬೆಳ್ಳಿ ತಂದಿತು. ಹುಡುಗಿ ಆ ರಾತ್ರಿ ಬರೆದದ್ದು ಒಂದೇ ಸಾಲು: “ಓಮೆ ಜರ್ಮನ್ನರ ಹಾಡಿಗೂ ಎದ್ದು ನಿಂತರು.” 2021ರ ಆಗಸ್ಟಿನಲ್ಲಿ ಮತ್ತೆ ರೀಗಾ, ಮತ್ತೆ ಫ್ರಾನ್ಸ್, ಲಾಟ್ವಿಯಾ ಗೆದ್ದಿತು. ಆದರೆ ಅದು ಗಾಯದ ವರ್ಷ. ಮೇ ತಿಂಗಳಲ್ಲಿ ಅದೇ ಊರಿನಲ್ಲಿ ಕೆನಡಾಕ್ಕೆ ಒಂದೂ ಗೋಲು ಕೊಡದೆ 2-0 ಗೆಲುವು ತಂದಿದ್ದ ಗೋಲ್‌ಕೀಪರ್ ಮಟೀಸ್ ಕಿವ್ಲೆನಿಯೆಕ್ಸ್, ಜುಲೈ 4ರಂದು ಅಮೆರಿಕದಲ್ಲಿ ಪಟಾಕಿ ಅವಘಡದಲ್ಲಿ ತೀರಿಕೊಂಡಿದ್ದ. ಇಪ್ಪತ್ನಾಲ್ಕು ವರ್ಷ. 2023ರ ಮೇ 28ರಂದು ಲಾಟ್ವಿಯಾ ಅಮೆರಿಕವನ್ನು ಸೋಲಿಸಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ಗೆದ್ದಾಗ ಸಂಸತ್ತು ಅದೇ ರಾತ್ರಿ ಸಭೆ ಸೇರಿ ಮರುದಿನ ಸೋಮವಾರಕ್ಕೆ ರಜೆ ಘೋಷಿಸಿತು.

2013ರ ಆ ಸಂಜೆ ವಾಪಸು ನಡೆಯುವಾಗ ಅಜ್ಜಿ ಕೇಳಿದ್ದ ಪ್ರಶ್ನೆಯೊಂದಕ್ಕೆ ನಾನು ತಪ್ಪು ಉತ್ತರ ಕೊಟ್ಟಿದ್ದೆ. ನಿಮ್ಮ ದೇಶ ಈ ಆಟ ಆಡುತ್ತದೆಯೇ ಎಂದಿದ್ದರು. ನಮ್ಮಲ್ಲಿ ಐಸು ಸಿಗುವುದು ಕಬ್ಬಿನ ಹಾಲಿನ ಅಂಗಡಿಯಲ್ಲಿ ಎಂದು ನಕ್ಕಿದ್ದೆ. ವರ್ಷಗಳ ಮೇಲೆ ತಿಳಿಯಿತು, ಭಾರತ 1989ರಿಂದಲೇ ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಸದಸ್ಯ. ಲಡಾಖಿನಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೊಳಗಳ ಮೇಲೆ ಹುಡುಗ ಹುಡುಗಿಯರು ಆಡುತ್ತಾರೆ, ಐಸು ಉಳಿಯುವುದು ವರ್ಷಕ್ಕೆ ಎರಡು ತಿಂಗಳ ಆಸುಪಾಸು. ಅಂಥ ಕೊಳಗಳ ಹುಡುಗಿಯರೇ ಹೆಚ್ಚಿರುವ ತಂಡ 2016ರಲ್ಲಿ ತೈಪೆಯಲ್ಲಿ ಮೊದಲ ಸಲ ದೇಶದ ಹೆಸರಿನಲ್ಲಿ ಆಡಿತು; 2025ರ ಜೂನಿನಲ್ಲಿ ಅಲ್ ಐನ್‌ನಲ್ಲಿ ಏಷ್ಯಾ ಕಪ್ಪಿನ ಕಂಚು ಗೆದ್ದಿತು. ಐಸು ಇಲ್ಲ ಎಂದು ನಕ್ಕ ನಾನು ಅವರನ್ನು ಪಟ್ಟಿಯಲ್ಲೇ ಸೇರಿಸಿರಲಿಲ್ಲ. ಪಟ್ಟಿಯಿಂದ ಹೆಸರು ಬಿಡಲು ಸೇನೆಯೇ ಬರಬೇಕೆಂದಿಲ್ಲ, ಬಾಯಿ ಸಡಿಲವಾದರೂ ಸಾಕು.

2024ರ ಸೆಪ್ಟೆಂಬರ್ 1. ಮಿಲಾನ್-ಕೊರ್ಟಿನಾ ಒಲಿಂಪಿಕ್ಸಿನ ಅರ್ಹತೆಗೆ ರೀಗಾದಲ್ಲಿ ಮತ್ತೊಮ್ಮೆ ನಾಲ್ಕು ದೇಶ: ಲಾಟ್ವಿಯಾ, ಸ್ಲೊವೇನಿಯಾ, ಫ್ರಾನ್ಸ್, ಮತ್ತು ಯುದ್ಧದ ನಡುವೆಯೇ ಪೋಲೆಂಡಿನಲ್ಲಿ ಹಿಂದಿನ ಸುತ್ತು ಗೆದ್ದು ಬಂದಿದ್ದ ಉಕ್ರೇನ್. ಹುಡುಗಿ, ಆಗ ಅವಳು ಇಪ್ಪತ್ನಾಲ್ಕರ ಹೆಂಗಸು, ಅರೀನಾದಿಂದ ಚಿತ್ರ ಕಳಿಸಿದಳು. ಸೆಪ್ಟೆಂಬರ್ ಒಂದು ಅವರಿಗೆ ಶಾಲೆ ಶುರುವಾಗುವ ಹಬ್ಬ, ಮಕ್ಕಳು ಟೀಚರಿಗೆ ಹೂಗುಚ್ಛ ಒಯ್ಯುವ ದಿನ. ಆ ವರ್ಷ ಅದು ಭಾನುವಾರ ಬಿದ್ದಿದ್ದರಿಂದ ಶಾಲೆ ಮರುದಿನಕ್ಕೆ ಹೋಗಿತ್ತು. ಕೊನೆಯ ಪಂದ್ಯ ಮತ್ತೆ ಫ್ರಾನ್ಸಿನೊಡನೆ. ಈ ಸಲವೂ ಲಾಟ್ವಿಯಾ ಗೆದ್ದೇ ಒಳಗೆ ಹೋಯಿತು. ಮೂರನೇ ಸಲ ಅದೇ ಅರೀನಾದಲ್ಲಿ ಫ್ರೆಂಚರು ಹೊಸ್ತಿಲಲ್ಲೇ ನಿಂತರು. ಅಜ್ಜಿಗೆ ಎಂಬತ್ತೆಂಟು, ಮಹಡಿ ಇಳಿಯಲಾಗದೆ ಟಿವಿಯಲ್ಲಿ ನೋಡಿದ್ದರು.

ಮುಂದಿನ ವರ್ಷ ಇನ್ನೊಂದು ಸುದ್ದಿ. ಉಕ್ರೇನಿನ ಮೇಲಿನ ಆಕ್ರಮಣದಿಂದಾಗಿ ಹೊರಗಿಡಲಾಗಿದ್ದ ರಷ್ಯಾ ಮಿಲಾನಿನಲ್ಲೂ ಇರುವುದಿಲ್ಲ ಎಂದು ಖಚಿತವಾಯಿತು; ಫ್ರಾನ್ಸಿಗೆ ಆ ಜಾಗ ಹೋಯಿತು. 2002ರ ನಂತರ ಮೊದಲ ಸಲ. ಹನ್ನೆರಡರ ಪಟ್ಟಿಯಲ್ಲಿ ಲಾಟ್ವಿಯಾವೂ ಇತ್ತು, ಫ್ರಾನ್ಸೂ ಇತ್ತು; ಲಾಟ್ವಿಯಾದ ಹೆಸರನ್ನು ಒಂದು ಕಾಲಕ್ಕೆ ತನ್ನ ಅಂಗಿಯಡಿ ಮುಚ್ಚಿದ್ದ ದೊಡ್ಡ ದೇಶದ ಮುಂದೆ ಗೈರು. ಅಜ್ಜಿ ಇದಕ್ಕೆ ಏನಂದಾರು ಎಂದು ನನಗೆ ಕುತೂಹಲ. ಒಂದು ಕಹಿ ನಗುವಾದರೂ ಇರಬಹುದು ಎಂದುಕೊಂಡು ಬರೆದು ಕೇಳಿದೆ.

ಉತ್ತರ ಎರಡು ದಿನ ಬಿಟ್ಟು ಬಂತು. “ರಷ್ಯಾದ ವಿಷಯ ಹೇಳಿದೆ, ಓಮೆ ಏನೂ ಅನ್ನಲಿಲ್ಲ. ಫ್ರಾನ್ಸ್ ಬರುತ್ತದೆ ಅಂದೆ. ‘ಪಾಪ, ಹನ್ನೆರಡು ವರ್ಷ ಕಾಯಿಸಿಬಿಟ್ಟೆವು’ ಅಂದರು.”

ಆ ಮಳೆಗಾಲದಲ್ಲಿ ಊರಿಗೆ ಹೋದಾಗ ಜಗುಲಿಯಲ್ಲಿ ಕೂತು ಅಮ್ಮನಿಗೆ ಈ ಮಾತು ಹೇಳಿದೆ. ಹಿನ್ನೀರಿಗೆ ಸೇತುವೆ ಬಂದ ವರ್ಷವದು. ಅಮ್ಮ ಅಡಿಕೆ ಹೋಳು ಮಾಡುತ್ತಿದ್ದವರು ಕೈ ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿದರು.

“ಎರಡನೇ ಲಾಂಚಿಗೆ ಬಂದ್ರು ಅನ್ನು.”